ಮುಖದ ಆಕಾರವೂ ಉಸಿರಿನ ದಾರಿಯೂ

ಹೂಮಳೆ ಬಿದ್ದ ಎಂಟು-ಹತ್ತು ದಿನಗಳಲ್ಲಿ ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿತೋಟಗಳು ಬೆಳ್ಳಗೆ ಅರಳುತ್ತವೆ. ಆ ಪರಿಮಳವನ್ನು ನಮಗೆ ಮುಟ್ಟಿಸುವುದು ಮೂಗು. ಆದರೆ ಮೂಗಿನ ಕೆಲಸ ಅಷ್ಟಕ್ಕೇ ಮುಗಿಯುವುದಿಲ್ಲ. ಮಲೆನಾಡಿನ ತಣ್ಣನೆಯ ಗಾಳಿಯನ್ನು ಬೆಚ್ಚಗಾಗಿಸಿ, ತೇವಗೊಳಿಸಿ, ಧೂಳನ್ನು ತಡೆದು ಒಳಕ್ಕೆ ಬಿಡುವುದೂ ಅದರ ಹೊಣೆಯೇ. ಈ ಗಾಳಿಯ ದಾರಿಗೂ ನಮ್ಮ ಮುಖದ ಆಕಾರಕ್ಕೂ ತುಟಿಗಳ ಅಳತೆಗೂ ಇರುವ ಸಂಬಂಧವೇನೆಂಬುದನ್ನು ಈಗ ವಿಚಾರಿಸೋಣ.

ಬಾಯಿಗೆ ಚಾವಣಿಯಾಗಿರುವ ಅಂಗುಳೇ ಮೂಗಿಗೆ ನೆಲವಾಗಿದೆ. ಆದುದರಿಂದ ಮೇಲ್ದವಡೆ ಇಕ್ಕಟ್ಟಾಗಿ ಬೆಳೆದರೆ ಮೂಗಿನ ಒಳಗಣ ದಾರಿಯೂ ಸಾಮಾನ್ಯವಾಗಿ ಇಕ್ಕಟ್ಟಾಗುತ್ತದೆ. ಅಂತೆಯೇ ಕೆಳದವಡೆ ಹಿಂದಕ್ಕೆ ಸರಿದಿದ್ದರೆ, ಅದಕ್ಕೆ ಅಂಟಿಕೊಂಡಿರುವ ನಾಲಗೆಯೂ ಹಿಂದೆ ಸರಿದು ಗಂಟಲನ್ನು ಕಿರಿದುಗೊಳಿಸುತ್ತದೆ.

ಈ ಒಳದಾರಿಯನ್ನು ಅಳೆಯುವುದು ಹೇಗೆ? 1931ರಲ್ಲಿ ಅಮೆರಿಕದ ಬ್ರಾಡ್‌ಬೆಂಟ್ ಮತ್ತು ಜರ್ಮನಿಯ ಹೋಫ್ರಾತ್ ಎಂಬವರು, ತಲೆಯನ್ನು ಅಲುಗದಂತೆ ನಿಲ್ಲಿಸಿ ಕ್ಷ-ಕಿರಣ ಚಿತ್ರ ತೆಗೆಯುವ ಕ್ರಮವನ್ನು ಪ್ರಕಟಿಸಿದರು. ಮೃದು ಅಂಗುಳಿನ ಹಿಂಬದಿಗೂ ಗಂಟಲಿನ ಹಿಂಗೋಡೆಗೂ ನಡುವಿನ ಅಂತರವನ್ನು ಇಂಥ ಚಿತ್ರದಲ್ಲಿ ಅಳೆಯಬಹುದು. 1984ರಲ್ಲಿ ಮೆಕ್‌ನಮಾರಾ ಎಂಬವರು ಕೊಟ್ಟ ಲೆಕ್ಕದಂತೆ ವಯಸ್ಕರಲ್ಲಿ ಇದು ಸರಾಸರಿ ಸುಮಾರು 17 ಮಿಲಿಮೀಟರು. 5 ಮಿಲಿಮೀಟರಿಗೂ ಇಳಿದಿದ್ದರೆ ಅಡಚಣೆಯಿರಬಹುದೆಂದು ಶಂಕಿಸಬೇಕು. ನೀಳಮುಖದವರಲ್ಲಿ ಈ ದಾರಿ ಅಗಲಮುಖದವರಿಗಿಂತ ಕಿರಿದಾಗಿರುವುದು ಹಲವು ಪರೀಕ್ಷೆಗಳಲ್ಲಿ ಕಂಡುಬಂದಿದೆ.

ಇನ್ನು ತುಟಿಗಳು. ಸುಮ್ಮನಿರುವಾಗ ಎರಡು ತುಟಿಗಳ ನಡುವೆ 3 ಮಿಲಿಮೀಟರಿನವರೆಗೆ ಅಂತರವಿರುವುದು ಸಹಜ. ಅದಕ್ಕಿಂತ ಹೆಚ್ಚಿದ್ದರೆ ತುಟಿ ಗಿಡ್ಡವೆಂದು ನಾವು ಬಗೆಯುತ್ತೇವೆ. ಆದರೆ ಎಷ್ಟೋ ವೇಳೆ ತುಟಿಯ ಉದ್ದ ಸರಿಯಾಗಿಯೇ ಇರುತ್ತದೆ. ಅದರ ಹಿಂದಿನ ಎಲುಬು ಕೆಳಮುಖವಾಗಿ ಹೆಚ್ಚು ಬೆಳೆದಿರುತ್ತದೆ.

ಇವುಗಳಲ್ಲಿ ಕಾರಣ ಯಾವುದು, ಕಾರ್ಯ ಯಾವುದು? ಮೂಗಿನ ಹಿಂದೆ ಬೆಳೆಯುವ ಅಡಿನಾಯ್ಡ್ ಎಂಬ ಮೃದು ಅಂಗಾಂಶವು ಉಸಿರನ್ನು ತಡೆಯುವುದನ್ನು 1868ರಲ್ಲಿ ಕೋಪನ್‌ಹೇಗನ್ನಿನ ವೈದ್ಯ ಮೇಯರ್ ವಿವರಿಸಿದರು. ಹಾಗೆ ಮೂಗು ಕಟ್ಟಿದಾಗ ಮಗು ಬಾಯಿ ತೆರೆಯುತ್ತದೆ, ದವಡೆ ಜೋಲುತ್ತದೆ, ನಾಲಗೆ ಅಂಗುಳನ್ನು ಬಿಟ್ಟು ಕೆಳಗಿಳಿಯುತ್ತದೆ. ಒಳಗಣ ಆಸರೆ ತಪ್ಪಿದ ಮೇಲ್ದವಡೆ ಕಿರಿದಾಗಬಹುದು. 1981ರಲ್ಲಿ ಹಾರ್ವೋಲ್ಡ್ ಮತ್ತು ಸಂಗಡಿಗರು ಎಳೆಯ ಮಂಗಗಳ ಮೂಗನ್ನು ಮುಚ್ಚಿ ನೋಡಿದ ವರದಿ ಪ್ರಕಟವಾಯಿತು. ಅವುಗಳ ದವಡೆ, ಹಲ್ಲುಗಳು ಬದಲಾದವು. ಆದರೆ ಎಲ್ಲವುಗಳಲ್ಲೂ ಒಂದೇ ರೀತಿಯಾಗಿ ಅಲ್ಲ. ವಂಶಪಾರಂಪರ್ಯದ ಪಾತ್ರವೂ ದೊಡ್ಡದು. ಆದ್ದರಿಂದ ನೀಳಮುಖ ಕಂಡಲ್ಲೆಲ್ಲ ರೋಗವನ್ನು ಊಹಿಸುವುದು ತಪ್ಪು.

ಮಳೆಗಾಲದ ಬೂಷ್ಟು, ಸೌದೆಯ ಹೊಗೆ, ಮೇಲಿಂದ ಮೇಲೆ ಬರುವ ನೆಗಡಿ ಇವು ಮಲೆನಾಡಿನ ಮಕ್ಕಳಿಗೆ ಹೊಸತಲ್ಲ. ನೆಗಡಿ ಹೋದ ಮೇಲೂ ಮಗು ಬಾಯಿ ತೆರೆದೇ ಮಲಗುತ್ತಿದ್ದರೆ, ಗೊರಕೆ ಹೊಡೆಯುತ್ತಿದ್ದರೆ, “ಬಾಯಿ ಮುಚ್ಚು” ಎಂದು ಗದರಿಸಿ ಫಲವಿಲ್ಲ. ಪೆದ್ದನೆಂದು ಹಳಿಯುವುದಂತೂ ಅನ್ಯಾಯ. ಮುಚ್ಚಿರುವುದು ಮೂಗಾಗಿರಬಹುದು. ಮುಖದ ಎಲುಬುಗಳು ಇನ್ನೂ ಬೆಳೆಯುತ್ತಿರುವಾಗಲೇ ಕಿವಿ-ಮೂಗು-ಗಂಟಲಿನ ವೈದ್ಯರಿಗೆ ತೋರಿಸುವುದು ವಿವೇಕ.