ಅವ್ವ, ಅಪ್ಪ, ಮಾಮಾ ಮತ್ತು ನಾಲ್ಕು ಸಿನಿಮಾ

‘ಡ್ರಾಮಾ ಸಿನಿಮಾ’ ಅಂದ್ರೆ ನಮ್ಮಪ್ಪನಿಗೆ ಅರ್ಥವಾಗುವುದು ಒಂದೇ, ನಾಟಕ! ಇಳಕಲ್ಲಿನಲ್ಲಿ ನಲವತ್ತು ವರ್ಷ ಮಗ್ಗದ ಮುಂದೆ ಕೂತು ಸೀರೆ ನೇಯ್ದ ಮನುಷ್ಯ. ಬನದ ಹುಣ್ಣಿಮೆ ಬಂತೆಂದರೆ ಮಾತ್ರ ಮಗ್ಗ ಬಿಟ್ಟು ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಗೆ ಹೊರಟುಬಿಡುತ್ತಿದ್ದ. ಜಾತ್ರೆಯಲ್ಲಿ ನಾಟಕ ಕಂಪನಿಗಳು ಸಾಲಾಗಿ ಟೆಂಟ್ ಹಾಕುತ್ತವೆ, ರಾತ್ರಿಯಿಡೀ ಆಟ ನಡೆಯುತ್ತದೆ. ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ಯ ಮಾತುಗಳು ಅಪ್ಪನಿಗೆ ಈಗಲೂ ಬಾಯಿಪಾಠ. ನಾನು ಮೊಬೈಲಿನಲ್ಲಿ ಸಿನಿಮಾ ನೋಡುತ್ತಾ ಕೂತರೆ, “ಅಷ್ಟ ಸಣ್ಣದ್ರಾಗ ಪಾತ್ರ ಮಾಡೋರ ಕಣ್ಣರ ಕಾಣ್ತಾವೇನು?” ಅಂತ ಕೇಳುತ್ತಾನೆ.

ಬಾಗಲಕೋಟೆಯಲ್ಲಿ ಎಂಜಿನಿಯರಿಂಗ್ ಮುಗಿಸಿ ಬೆಂಗಳೂರು ಸೇರಿ ಎಂಟು ವರ್ಷವಾಯಿತು. ಕಳೆದ ದೀಪಾವಳಿಗೆ ಒಂದು ತಿಂಗಳು ವರ್ಕ್ ಫ್ರಮ್ ಹೋಮ್ ಸಿಕ್ಕಿತು. ಅದೇ ಹೊತ್ತಿಗೆ ಮೊಣಕಾಲು ನೋವೆಂದು ಡಾಕ್ಟರಿಗೆ ತೋರಿಸಲು ಸೋದರಮಾವನೂ ನಮ್ಮನೆಗೆ ಬಂದ. ಹುನಗುಂದ ತಾಲ್ಲೂಕಿನ ಮಲಪ್ರಭಾ ದಂಡೆಯ ಹಳ್ಳಿಯವನು. ಮಾತು ಕಡಿಮೆ. ನಾನೊಂದು ನಿಯಮ ಮಾಡಿದೆ: ರಾತ್ರಿ ಊಟ ಆದಮೇಲೆ ಎಲ್ಲರ ಮೊಬೈಲೂ ಅಡುಗೆಮನೆಯಲ್ಲಿ, ಟಿವಿಯಲ್ಲಿ ಒಂದು ಕನ್ನಡ ಸಿನಿಮಾ. ಆಯ್ಕೆ ನನ್ನದು, ‘ಬಂದ್ ಮಾಡು’ ಅನ್ನುವ ಹಕ್ಕು ಅವರದ್ದು.

ಮೊದಲ ರಾತ್ರಿಯೇ ಆ ಹಕ್ಕು ಚಲಾವಣೆಯಾಯಿತು. ನಾನು ಹಾಕಿದ್ದು ನನಗೆ ಬಹಳ ಇಷ್ಟವಾದ, 2023ರ ‘ಸಪ್ತ ಸಾಗರದಾಚೆ ಎಲ್ಲೋ’. ಬೇರೊಬ್ಬರ ಅಪರಾಧ ತಲೆ ಮೇಲೆ ಹೊತ್ತು ಜೈಲಿಗೆ ಹೋಗುವ ಮನು, ಹೊರಗೆ ಕಾಯುವ ಪ್ರಿಯಾ. ರುಕ್ಮಿಣಿ ವಸಂತ್ ನಟನೆಗೆ ನಾನು ಎರಡು ಸಲ ಅತ್ತಿದ್ದೆ. ಅಪ್ಪ ಅರ್ಧ ಗಂಟೆಗೆ ಗೊರಕೆ ಹೊಡೆದ. ತಪ್ಪು ಸಿನಿಮಾದ್ದಲ್ಲ, ನನ್ನದು. ಅದು ಒಬ್ಬರೇ ಹೆಡ್‌ಫೋನ್ ಹಾಕಿಕೊಂಡು ನೋಡಬೇಕಾದ್ದು. ಮನೆಯಲ್ಲಿ ನೋಡುವ ಸಿನಿಮಾವನ್ನು ರೇಟಿಂಗ್ ನೋಡಿ ಆರಿಸಬಾರದು, ಯಾರ ಜತೆ ಕೂರುತ್ತೇವೆ ಅಂತ ನೋಡಿ ಆರಿಸಬೇಕು. ಈ ಪಾಠ ಕಲಿತ ಮೇಲೆ ಗೆದ್ದ ನಾಲ್ಕು ಸಿನಿಮಾ ಇವು.

ರತ್ನನ್ ಪ್ರಪಂಚ (2021)

ರೋಹಿತ್ ಪದಕಿ ನಿರ್ದೇಶನದ ಈ ಚಿತ್ರ ಥಿಯೇಟರ್‌ಗೆ ಬರದೆ ನೇರವಾಗಿ ಪ್ರೈಮ್ ವಿಡಿಯೋಗೆ ಬಂತು. ಸದಾ ವಟವಟ ಅನ್ನುವ ತಾಯಿ ಸರೋಜಾ (ಉಮಾಶ್ರೀ), ಆಕೆಯಿಂದ ತಪ್ಪಿಸಿಕೊಂಡರೆ ಸಾಕು ಅನ್ನುವ ಮಗ ರತ್ನಾಕರ (ಧನಂಜಯ). ಆಕೆ ತನ್ನ ಹೆತ್ತ ತಾಯಿಯಲ್ಲ ಎಂದು ಗೊತ್ತಾದಮೇಲೆ ಅವನು ರಕ್ತಸಂಬಂಧ ಹುಡುಕಿಕೊಂಡು ಹೊರಡುತ್ತಾನೆ.

ಅವ್ವನಿಗೆ ಉಮಾಶ್ರೀ ಅಂದರೆ ಮೊದಲು ನೆನಪಾಗುವುದು “ನಮ್ಮ ತೇರದಾಳದ ಎಂಎಲ್ಎ ಆಗಿದ್ದಾಕಿ”. 2013ರಲ್ಲಿ ಅಲ್ಲಿಂದಲೇ ಗೆದ್ದಿದ್ದರು. ‘ಗುಲಾಬಿ ಟಾಕೀಸ್’ಗೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಿದೆ ಅಂದಾಗ ಅವ್ವ ಹುಬ್ಬೇರಿಸಿದಳು. ಸಿನಿಮಾದ ಕಾಶ್ಮೀರದ ಭಾಗ ಅವಸರದ್ದೆನಿಸಿತು. ಆದರೆ ನಮ್ಮ ಕಡೆ ಭಾಷೆ ಮಾತಾಡುವ ಉಡಾಳ್ ಬಾಬುರಾವ್ (ಪ್ರಮೋದ್) ಬಂದಮೇಲೆ ಮನೆಯಲ್ಲಿ ಒಬ್ಬರೂ ಮಿಸುಕಲಿಲ್ಲ. ಉತ್ತರ ಕರ್ನಾಟಕದ ಮಾತನ್ನು ಸಿನಿಮಾದವರು ನಗಿಸುವುದಕ್ಕಷ್ಟೇ ಇಟ್ಟುಕೊಂಡಿದ್ದಾರೆ ಅನ್ನುವುದು ನನ್ನ ಹಳೇ ತಕರಾರು. ಇಲ್ಲಿ ಅದೇ ಮಾತು ಮೊದಲು ನಗಿಸುತ್ತದೆ, ಆಮೇಲೆ ಗಂಟಲು ಕಟ್ಟಿಸುತ್ತದೆ.

ಶಾಖಾಹಾರಿ (2024)

ಇದು ಅಪ್ಪನಿಗಾಗಿ. ಸಂದೀಪ್ ಸುಂಕದ್ ನಿರ್ದೇಶನ. ಮಲೆನಾಡಿನಲ್ಲಿ ಸಣ್ಣ ಸಸ್ಯಾಹಾರಿ ಹೋಟೆಲ್ ನಡೆಸುವ ಸುಬ್ಬಣ್ಣ, ಅವನ ಬಳಿಗೆ ಬಂದು ಸೇರುವ ಗಾಯಾಳು ಯುವಕ, ಹುಡುಕಿಕೊಂಡು ಬರುವ ಪೊಲೀಸ್. ಸುಬ್ಬಣ್ಣನಾಗಿ ರಂಗಾಯಣ ರಘು, ಪೊಲೀಸ್ ಪಾತ್ರದಲ್ಲಿ ಗೋಪಾಲಕೃಷ್ಣ ದೇಶಪಾಂಡೆ. “ಹೆಸರಿನ ಮುಂದಿರೋ ರಂಗಾಯಣ ಅಂದ್ರ ಮೈಸೂರಿನ ನಾಟಕದ ಸಂಸ್ಥೆನಪ್ಪಾ, ಇವರು ಅಲ್ಲಿಂದ ಬಂದವರು” ಅಂದೆ. ಅಪ್ಪ ದಿಂಬು ಸರಿಮಾಡಿಕೊಂಡು ಎದ್ದು ಕೂತ. ಮುಗಿದಮೇಲೆ ಒಂದೇ ಮಾತು: “ಚೀರಲಿಲ್ಲ, ಹಾರಾಡಲಿಲ್ಲ. ಸುಮ್ನ ನಿಂತು ಹೆದರಿಸಿದ ನೋಡು.” ಅಪ್ಪನ ಬಾಯಲ್ಲಿ ಇದು ದೊಡ್ಡ ಪ್ರಶಸ್ತಿ. ಹೆಸರು ನೋಡಿ ಮೋಸಹೋಗಬೇಡಿ, ರಕ್ತ ಇದೆ. ಚಿಕ್ಕ ಮಕ್ಕಳನ್ನು ಮಲಗಿಸಿಯೇ ನೋಡಿ.

ಮಿಥ್ಯ (2025)

ಸುಮಂತ್ ಭಟ್ ನಿರ್ದೇಶನ, ರಕ್ಷಿತ್ ಶೆಟ್ಟಿಯವರ ಪರಂವಃ ಸ್ಟುಡಿಯೋಸ್ ನಿರ್ಮಾಣ. ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ 11ರ ಹುಡುಗ ಮಿಥುನ್ ಮುಂಬೈಯಿಂದ ಉಡುಪಿಯ ಸಂಬಂಧಿಕರ ಮನೆಗೆ ಬರುತ್ತಾನೆ. ಕಥೆ ಇಷ್ಟೇ. ಆತಿಶ್ ಶೆಟ್ಟಿ ಅನ್ನುವ ಹುಡುಗ ಅಳದೆಯೇ ನಮ್ಮನ್ನು ಅಳಿಸುತ್ತಾನೆ. ನಿಧಾನದ ಸಿನಿಮಾ, ನಡುವೆ ಚಹಾ ಮಾಡಲು ಎದ್ದರೆ ಕೆಟ್ಟಿತು. ಚಿಕ್ಕವಳಿದ್ದಾಗಲೇ ತಾಯಿಯನ್ನು ಕಳೆದುಕೊಂಡ ಅವ್ವ ಅವತ್ತು ಏನೂ ಹೇಳಲಿಲ್ಲ. ಮರುದಿನ ರೊಟ್ಟಿ ಬಡಿಯುತ್ತಾ, “ಆ ಹುಡುಗ ಯಾರ ಕೂಡನೂ ಮಾತಾಡವಲ್ಲ ಅಂತ ಎಲ್ಲಾರೂ ಅಂತಾರ. ನೀ ಹೆಂಗದಿ ಅಂತ ಕೇಳಿದವರೆಷ್ಟ ಮಂದಿ?” ಅಂದಳು. ಅದು ಮಿಥುನ್ ಬಗ್ಗೆ ಅಷ್ಟೇ ಆಡಿದ ಮಾತು ಅಂತ ನನಗನ್ನಿಸಲಿಲ್ಲ.

ಆ್ಯಕ್ಟ್ 1978 (2020)

ನಾಲ್ಕರಲ್ಲಿ ನನಗೆ ಮುಖ್ಯವಾದದ್ದು ಇದೇ. ಲಾಕ್‌ಡೌನ್ ನಂತರ ಥಿಯೇಟರ್ ಬಾಗಿಲು ತೆರೆದಾಗ, ನವೆಂಬರ್ 2020ರಲ್ಲಿ ಬಂದ ಸಿನಿಮಾ. ನಿರ್ದೇಶನ ಮಂಸೋರೆ. ತನಗೆ ಬರಬೇಕಾದ ಹಣಕ್ಕಾಗಿ ಅಲೆದು ಸಾಕಾದ ಗರ್ಭಿಣಿ ಗೀತಾ (ಯಜ್ಞಾ ಶೆಟ್ಟಿ) ಮೈಗೆ ಬಾಂಬ್ ಕಟ್ಟಿಕೊಂಡು ಸರ್ಕಾರಿ ಕಚೇರಿಗೆ ಬಂದು, ಅಲ್ಲಿದ್ದವರನ್ನೆಲ್ಲ ಒತ್ತೆ ಇಟ್ಟುಕೊಳ್ಳುತ್ತಾಳೆ. ಅಲ್ಲಲ್ಲಿ ಭಾಷಣ ಜಾಸ್ತಿಯಾಯಿತು ಅನ್ನುವುದು ನನ್ನ ಅಭಿಪ್ರಾಯ. ಆದರೆ ಕಚೇರಿ ಅಂದರೆ ಏನೆಂದು ಈ ಸಿನಿಮಾಕ್ಕೆ ಚೆನ್ನಾಗಿ ಗೊತ್ತು.

ನಾನು ಥ್ರಿಲ್ಲರ್ ಅಂತ ಹಾಕಿದ್ದೆ. ಮುಗಿದಮೇಲೆ ಲೈಟ್ ಹಾಕಿದರೆ ಮಾಮಾ ಗೋಡೆಗೊರಗಿ ಕೂತಿದ್ದ. “ಆಕಿ ಬಾಂಬ್ ಕಟ್ಕೊಂಡು ಹೋಗಿದ್ದು ತಪ್ಪ. ಖರೆ, ಆ ಬೆಂಚಿನ ಮ್ಯಾಲೆ ಕುಂತು ಕಾಯೋದು ಹೆಂಗಿರ್ತೈತಿ ಅಂತ ನನಗ ಗೊತ್ತೈತಿ ನೋಡವಾ” ಅಂದ. ಆಮೇಲೆ ತನ್ನ ಕೈಚೀಲದಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದ.

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಬಂದಾಗ ಮಾಮಾನ ಮಣ್ಣಿನ ಮನೆ ಬಿದ್ದದ್ದು ನಮಗೆಲ್ಲ ಗೊತ್ತಿತ್ತು. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ಘೋಷಿಸಿತ್ತು. ‘ಬಂದಿರಬೇಕು’ ಅಂದುಕೊಂಡು ನಾನು ಮರೆತಿದ್ದೆ. ಬಂದಿರಲಿಲ್ಲ. ಪೂರ್ತಿ ಬಿದ್ದ ಮನೆ ಪಟ್ಟಿಯಲ್ಲಿ ‘ಭಾಗಶಃ ಹಾನಿ’ ಎಂದು ಸೇರಿತ್ತು. ಅದನ್ನು ತಿದ್ದಿಸಲು ಒಂದು ಕಚೇರಿಗೆ ಅಲೆಯುತ್ತಲೇ ಇದ್ದ. ಕವರ್‌ನಲ್ಲಿ ಅರ್ಜಿಗಳ ಝೆರಾಕ್ಸ್, ಬಿದ್ದ ಮನೆಯ ಫೋಟೋ, ರಬ್ಬರ್ ಬ್ಯಾಂಡ್ ಹಾಕಿದ ಬಸ್ ಟಿಕೆಟ್‌ಗಳು. ಎಣಿಸಿದೆ, 43.

“ಇವನ್ನ ಯಾಕ ಇಟ್ಕೊಂಡಿ ಮಾಮಾ?”

“ನೀ ಬಂದ ಇಲ್ಲಲ್ಲ ಅಂದ್ರ ತೋರಸಾಕ ಬೇಕಲ್ಲ.”

ನನ್ನ ಕೆಲಸವೇ ಗ್ರಾಹಕರ ದೂರು ನಿಭಾಯಿಸುವ ಸಾಫ್ಟ್‌ವೇರ್ ಬರೆಯುವುದು. ಒಂದು ಟಿಕೆಟ್ ಮೂರು ದಿನ ಓಪನ್ ಇದ್ದರೆ ತಾನಾಗಿಯೇ ಮ್ಯಾನೇಜರ್‌ಗೆ ಮೇಲ್ ಹೋಗುತ್ತದೆ. ನಮ್ಮ ಮನೆಯಲ್ಲೇ ಒಂದು ಟಿಕೆಟ್ ಆರು ವರ್ಷದಿಂದ ಓಪನ್ ಇತ್ತು, ನಾನು ಒಂದು ಸಲವೂ ಕೇಳಿರಲಿಲ್ಲ. ಹಬ್ಬಕ್ಕೆ ಬಂದಾಗೆಲ್ಲ ಮಾಮಾನ ಜತೆ ಸೆಲ್ಫಿ ತೆಗೆದುಕೊಂಡಿದ್ದೆ ಅಷ್ಟೇ.

ಮರುದಿನ ಕಾಗದಗಳನ್ನೆಲ್ಲ ದಿನಾಂಕದ ಪ್ರಕಾರ ಜೋಡಿಸಿ ಸ್ಕ್ಯಾನ್ ಮಾಡಿದೆ. ಇಬ್ಬರೂ ಕೂತು ಮಾಹಿತಿ ಹಕ್ಕಿನ ಅರ್ಜಿ ಬರೆದೆವು. 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಕೊಡಬೇಕು. ಉತ್ತರ ಬಂದಿದೆ. ದುಡ್ಡು ಇನ್ನೂ ಬಂದಿಲ್ಲ, ಬರುತ್ತದೋ ಇಲ್ಲವೋ ಹೇಳಲಾರೆ. ಆದರೆ ಫೈಲ್ ಎಲ್ಲಿ ನಿಂತಿದೆ ಅಂತ ಆರು ವರ್ಷದಲ್ಲಿ ಮೊದಲ ಸಲ ಗೊತ್ತಾಯಿತು. ಮೇಲ್ಮನವಿ ಹಾಕಿದ್ದೇವೆ. 44ನೇ ಸಲ ಮಾಮಾ ಒಬ್ಬನೇ ಹೋಗಲಿಲ್ಲ, ನಾನೂ ರಜೆ ಹಾಕಿ ಜತೆಗೆ ಹೋಗಿದ್ದೆ.

ಸಿನಿಮಾದಿಂದ ಎಲ್ಲ ಬದಲಾಗುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಮನೆಯಲ್ಲಿ ಕೂಡಿ ನೋಡುವುದರಲ್ಲಿ ಒಂದು ಅನುಕೂಲವಿದೆ. ಥಿಯೇಟರ್‌ನಲ್ಲಿ ಸಿನಿಮಾ ಮುಗಿದರೆ ಪಾರ್ಕಿಂಗ್ ಕಡೆ ಓಡುತ್ತೇವೆ. ಮನೆಯಲ್ಲಿ ಹಾಸಿಗೆ ಹಾಸುವ ತನಕ ಹತ್ತು ನಿಮಿಷ ಖಾಲಿ ಇರುತ್ತದೆ. ನಮ್ಮ ಹಿರಿಯರು ತಮ್ಮ ಕಥೆ ಹೇಳುವುದು ಆ ಹತ್ತು ನಿಮಿಷದಲ್ಲೇ. ಅಷ್ಟು ಹೊತ್ತು ಮೊಬೈಲ್ ಅಡುಗೆಮನೆಯಲ್ಲೇ ಇರಲಿ.

ಇನ್ನೆರಡು ಪುಟ್ಟ ಸಲಹೆ. ನಮ್ಮೂರುಗಳಲ್ಲಿ ಸಂಜೆ ನೆಟ್ ನಂಬುವಂತಿಲ್ಲ, ಮಧ್ಯಾಹ್ನವೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಸಿನಿಮಾಗಳು ಒಂದು ಓಟಿಟಿಯಿಂದ ಇನ್ನೊಂದಕ್ಕೆ ಹಾರುತ್ತಿರುತ್ತವೆ, ಕೂರುವ ಮೊದಲೇ ಹುಡುಕಿಕೊಳ್ಳಿ, ಹಿರಿಯರನ್ನು ಕಾಯಿಸಬೇಡಿ.

ಮುಂದಿನ ಸಲಕ್ಕೆ ನನ್ನ ಪಟ್ಟಿಯಲ್ಲಿ ಉತ್ಸವ್ ಗೋನವಾರ ಅವರ ‘ಫೋಟೋ’ (2024) ಇದೆ. ವಿಧಾನಸೌಧದ ಮುಂದೆ ಫೋಟೋ ತೆಗೆಸಿಕೊಳ್ಳುವ ಆಸೆಯ ಹುಡುಗ ದುರ್ಗ್ಯಾ, 2020ರ ಲಾಕ್‌ಡೌನ್‌ನಲ್ಲಿ ನಡೆದು ಊರು ಸೇರಲು ಹೊರಟ ನಮ್ಮ ಕಡೆಯ ಕೂಲಿ ಜನ. ಬೆಂಗಳೂರಿನಲ್ಲಿ ಒಬ್ಬಳೇ ನೋಡಿ ಬಂದಿದ್ದೆ. ಅದನ್ನು ಮನೆಮಂದಿ ಜತೆ ಇನ್ನೊಮ್ಮೆ ನೋಡಬೇಕು.

ಹೋದ ಶನಿವಾರ ಮಾಮಾ ಫೋನ್ ಮಾಡಿದ್ದ. ಕಚೇರಿ ವಿಷಯ ಇರಬೇಕು ಅಂದುಕೊಂಡೆ. “ಮೊಣಕಾಲು ಸ್ವಲ್ಪ ಹಗುರಾಗೈತಿ. ಈ ಸಲ ಬಂದಾಗ ಯಾವ ಸಿನಿಮಾ ಹಾಕ್ತಿ?” ಅಂದ.

ನಿಮ್ಮನೇಲಿ ಈ ವಾರ ಯಾವುದು?