ಹಿತ್ತಿಲ ಕಾಳು, ಹಳ್ಳದ ಮರಳು

ಮಾರ್ಗಶಿರ ಮಾಸದ ಮಂಜು ಮಧುಗಿರಿಯ ಏಕಶಿಲಾ ಬೆಟ್ಟದ ನೆತ್ತಿಯನ್ನು ಇನ್ನೂ ಬಿಡದಿರುವ ಹೊತ್ತಿನಲ್ಲಿ, ಕಣದ ಕೆಲಸ ಮುಗಿಸಿದ ಮನೆಯ ಹಿತ್ತಿಲಿನಲ್ಲಿ ಗೃಹಿಣಿಯು ಮೊರದಿಂದ ಕೇರಿ ಚೆಲ್ಲಿದ ಜೊಳ್ಳುರಾಗಿಗೆ ಮೊದಲು ಇಳಿಯುವವು ಗುಬ್ಬಚ್ಚಿಗಳು. ಅವುಗಳ ಬೆನ್ನಿಗೇ ಬೆಳವ, ಗೊರವಂಕ, ಗದ್ದಲದ ಹರಟೆಮಲ್ಲಗಳು ಬಂದು ಸೇರುತ್ತವೆ. ಸೂರಿನಡಿಯಲ್ಲಿ ತೆನೆಯ ಗೊಂಚಲನ್ನೂ ನೆರಳಿನಲ್ಲಿ ನೀರಿನ ಮಣ್ಣುಬೋಗುಣಿಯನ್ನೂ ಇರಿಸಿದರೆ, ಪಕ್ಷಿವೀಕ್ಷಣೆಯ ಪ್ರಥಮ ಪಾಠಕ್ಕೆ ಇದಕ್ಕಿಂತ ಹೆಚ್ಚಿನ ಸಲಕರಣೆ ಬೇಕಾಗದು.

ಆದರೆ ಕೆಲವು ದಿನ ತಾಳ್ಮೆಯಿಂದ ನೋಡಿದವರಿಗೆ ಒಂದು ಸಂಗತಿ ಸ್ಪಷ್ಟವಾಗುವುದು: ಕಾಳಿಗೆ ಬರುವವರೆಲ್ಲ ನೆರೆಹೊರೆಯವರು, ದೂರದೇಶದಿಂದ ಬಂದ ಅತಿಥಿಗಳಲ್ಲಿ ಬಹುತೇಕರು ಕೀಟಾಹಾರಿಗಳಾದುದರಿಂದ ನಮ್ಮ ಮೊರದ ಕಡೆಗೆ ಸುಳಿಯರು. ಅವರನ್ನು ಕಾಣಬೇಕಾದರೆ ಹಳ್ಳಕ್ಕೇ ಇಳಿಯಬೇಕು.

ದೇವರಾಯನದುರ್ಗದಲ್ಲಿ ಹುಟ್ಟಿ, ಕೊರಟಗೆರೆ, ಮಧುಗಿರಿಗಳ ಸೀಮೆಯನ್ನು ಹಾದು ಉತ್ತರ ಪಿನಾಕಿನಿಯನ್ನು ಸೇರುವ ಜಯಮಂಗಲಿಯ ಒದ್ದೆಮರಳಿನ ಮೇಲೆ, ಹಳದಿ ಹೊಟ್ಟೆಯ, ನೀಳಬಾಲದ ಬೂದು ಸಿಪಿಲೆಯೊಂದು ನಾಲ್ಕು ಹೆಜ್ಜೆ ಓಡಿ, ನಿಂತು, ಬಾಲವನ್ನು ಮೇಲೆ ಕೆಳಗೆ ಆಡಿಸಿ, ನೊಣವೊಂದನ್ನು ಹಿಡಿದು ಮತ್ತೆ ಓಡುವುದನ್ನು ನೋಡಿರಿ. ಹಿಮಾಲಯದ ತೊರೆಗಳ ಬಳಿ ಗೂಡುಕಟ್ಟುವ ಈ ಜಾತಿಯ ಹಕ್ಕಿಗಳು ಸೆಪ್ಟೆಂಬರಿನ ಸುಮಾರಿಗೆ ದಕ್ಷಿಣಕ್ಕೆ ಬರುತ್ತವೆ; ಕಾಲಿಗೆ ಉಂಗುರ ತೊಡಿಸಿ ಪರೀಕ್ಷಿಸಿದಾಗ, ಅದೇ ಹಕ್ಕಿ ವರ್ಷ ವರ್ಷವೂ ಅದೇ ತಾಣಕ್ಕೆ ಮರಳಿದ ನಿದರ್ಶನಗಳೂ ದೊರೆತಿವೆ. ಹಾಗಾದರೆ ನಮ್ಮ ಪುಟ್ಟ ಹಳ್ಳವೂ ಅದರ ನೆನಪಿನಲ್ಲಿ ಒಂದು ಊರು.

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು 2007ರಲ್ಲಿ ಸಂರಕ್ಷಿತ ಪ್ರದೇಶವೆನಿಸಿದ್ದು ಕೃಷ್ಣಮೃಗಗಳ ಸಲುವಾಗಿಯಾದರೂ, ಅಲ್ಲಿಗೆ ಮಧ್ಯ ಏಷ್ಯದ ಕಡೆಯಿಂದ ಬರುವ ಸೆಳೆವವೆಂಬ ಬೇಟೆಹಕ್ಕಿಗಳು ಹಗಲೆಲ್ಲ ಮಿಡತೆಗಳನ್ನು ಅರಸಿ, ಇರುಳು ಹುಲ್ಲಿನ ನಡುವೆ ನೆಲದ ಮೇಲೆಯೇ ಮಲಗುತ್ತವೆ. ಪಾವಗಡದ ಕಡಲೆಕಾಯಿ ಹೊಲಗಳ ಮೇಲೆ ಗುಲಾಬಿ ಮೈನಾಗಳ ಹಿಂಡು ಹೊಗೆಯಂತೆ ತಿರುಗುವುದೂ ಇದೇ ಋತುವಿನಲ್ಲಿ. ಚಳಿ ಇಳಿಯುತ್ತಿರಲು ಸಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಊರ ನಡುವಣ ಹುಣಿಸೆಮರಗಳ ಮೇಲೆ ಗೂಡು ಹೂಡುತ್ತವೆ. ಮನೆಯ ಮಕ್ಕಳಂತೆ ಅವನ್ನು ಕಾಯ್ದುಕೊಂಡು ಬಂದಿರುವವರು ಆ ಊರಿನ ಜನರೇ. ಆದರೆ ಆ ಮರಿಗಳ ಬಾಯಿಗೆ ಬೇಕಾದ ಮೀನು ಸುತ್ತಣ ಕೆರೆಗಳಲ್ಲಿ ಉಳಿದಿರಬೇಕಷ್ಟೆ.

ಆದುದರಿಂದ ಹಿತ್ತಿಲಿನಲ್ಲಿ ಕಾಳು ಚೆಲ್ಲುವ ಕೈ ಅಲ್ಲಿಗೇ ನಿಲ್ಲದಿರಲಿ. ಹಳ್ಳದ ಮರಳನ್ನು ಬರಿದುಮಾಡದೆ, ಕೆರೆಯಂಗಳಕ್ಕೆ ಕಸ ಸುರಿಯದೆ, ಹುಲ್ಲಿಗೆ ಬೆಂಕಿಯಿಡದೆ ಇರುವುದೇ ದೂರದ ಅತಿಥಿಗೆ ನಾವು ಬಡಿಸುವ ಎಲೆ. ಮುಂದಿನ ಸೆಪ್ಟೆಂಬರಿನಲ್ಲಿ ಸಿಪಿಲೆ ಹಿಂದಿರುಗಿದಾಗ, ಅದು ಬಿಟ್ಟುಹೋದ ಒದ್ದೆಮರಳು ಅಲ್ಲಿಯೇ ಇರಲಿ.