ಎಲುಬಿಲ್ಲದ ನಾಲಗೆ

ನಾಲಗೆಗೆ ಎಲುಬಿಲ್ಲವೆಂಬ ಹಿರಿಯರ ಮಾತು ಶರೀರಶಾಸ್ತ್ರಕ್ಕೂ ಸಮ್ಮತವಾದುದೇ. ಅದನ್ನು ಚಾಚಿ, ಮಡಿಸಿ, ಮೇಲೆತ್ತುವುವು 8 ಜೊತೆ ಸ್ನಾಯುಗಳು. ಮುಖಗಳಂತೆಯೇ ನಾಲಗೆಯ ಉದ್ದ, ದಪ್ಪ, ಅಂಗುಳಿನ ಕಮಾನು ಇವೂ ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಆದಕಾರಣ ಒಂದೇ ಳಕಾರಕ್ಕೆ ಒಬ್ಬನ ನಾಲಗೆ ಬಹಳವಾಗಿ ಹಿಂದಕ್ಕೆ ಹೊರಳಿದರೆ ಮತ್ತೊಬ್ಬನದು ಕೊಂಚವೇ ಹೊರಳೀತು. ಕೇಳುವವರಿಗೆ ಮಾತ್ರ ಅದು ಅದೇ ಅಕ್ಷರ.

ಮಂಗಳೂರಿನಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡಗಳು ಒಂದೇ ಬೀದಿಯಲ್ಲಿ ಕೇಳಿಬರುತ್ತವೆ. ತುಳುವಿನ ಕೆಲವು ಪ್ರಭೇದಗಳಲ್ಲಿ ಳಕಾರದ ಎಡೆಯಲ್ಲಿ ಲಕಾರವೇ ರೂಢಿ. ಅಂಥ ಮನೆಯ ಮಗುವು ಕನ್ನಡ ಪಾಠದ ‘ಹಳ್ಳಿ’ಯನ್ನು ‘ಹಲ್ಲಿ’ ಎಂದರೆ ಅದು ನಾಲಗೆಯ ದೋಷವಲ್ಲ, ಮನೆಮಾತಿನ ಅಭ್ಯಾಸ. ರಕಾರವಂತೂ ಹಲವು ಮಕ್ಕಳಿಗೆ ಐದಾರು ವರುಷಕ್ಕೆ ದಕ್ಕುವುದುಂಟು.

ನಾಲಗೆಯಡಿಯ ತಂತು ಗಿಡ್ಡಾಗಿದ್ದರೆ ತುದಿಯು ಮೇಲೇಳಲಾರದೆ ಕೆಲವು ಅಕ್ಷರಗಳು ತೊಡಕಾಗಬಹುದು. ಆದರೂ ಅಂಥವರಲ್ಲಿ ಅನೇಕರು ತಮ್ಮದೇ ಹಾದಿಯನ್ನು ಕಂಡುಕೊಂಡು ಸ್ಪಷ್ಟವಾಗಿ ನುಡಿಯುತ್ತಾರೆ. ಆದುದರಿಂದ ಮಾತಿನ ಸಲುವಾಗಿ ತಂತುವನ್ನು ಕತ್ತರಿಸಲು ಆತುರಪಡದೆ, ಮೊದಲು ಮಗುವಿನ ಕಿವಿಯನ್ನೂ ಉಚ್ಚಾರವನ್ನೂ ಬಲ್ಲವರಿಂದ ಪರೀಕ್ಷೆ ಮಾಡಿಸತಕ್ಕದ್ದು. ಕಂಕನಾಡಿಯ ಫಾದರ್ ಮುಲ್ಲರ್ ಸಂಸ್ಥೆಯಲ್ಲಿ ಇದಕ್ಕೆಂದೇ ವಾಕ್‌ಶ್ರವಣ ವಿದ್ಯೆಯ ಕಾಲೇಜು ಉಂಟು. ತೊದಲುವ ಕೂಸನ್ನು ಅಣಕಿಸುವುದು ಮಾತ್ರ ಯಾವ ಮನೆಗೂ ತಕ್ಕುದಲ್ಲ. ಹೆದರಿದ ನಾಲಗೆಯು ಬಲ್ಲ ಅಕ್ಷರವನ್ನೂ ತಡವರಿಸುತ್ತದೆ.